ಆದೇಶವನ್ನೂ ಸಾಫ್ಟ್‌ವೇರನ್ನೂ ಓದಬಲ್ಲವರು ಬೇಕಾಗಿದ್ದಾರೆ

2023ರ ಜುಲೈನಲ್ಲಿ ಗೃಹಲಕ್ಷ್ಮಿ ಯೋಜನೆಯ ನೋಂದಣಿ ಶುರುವಾದಾಗ ರಾಜ್ಯದ ಎಷ್ಟೋ ಮನೆಗಳಲ್ಲಿ ಒಂದೇ ಪ್ರಶ್ನೆ ಎದ್ದಿತ್ತು. ತಿಂಗಳಿಗೆ ಎರಡು ಸಾವಿರ ರೂಪಾಯಿ ಅತ್ತೆಗೋ, ಸೊಸೆಗೋ? ಟೀವಿಯಲ್ಲಿ ಅದೇ ಚರ್ಚೆ, ಬಸ್ಸಿನಲ್ಲಿ ಅದೇ ಮಾತು. ಸರ್ಕಾರ ಕೊಟ್ಟ ಉತ್ತರ ಚಿಕ್ಕದು: ರೇಷನ್ ಕಾರ್ಡಿನಲ್ಲಿ ಯಾರು ಯಜಮಾನಿಯೋ ಅವರಿಗೆ. ಆ ಯಜಮಾನಿ ಯಾರೆಂಬುದು ಹತ್ತು ವರ್ಷ ಹಿಂದೆ, ಬೇರೆಯದೇ ಕೆಲಸಕ್ಕಾಗಿ ತೀರ್ಮಾನವಾಗಿತ್ತು. ಪಡಿತರ ಚೀಟಿಯ ಮಟ್ಟಿಗೆ ಮನೆಯ ಅತಿ ಹಿರಿಯ ಮಹಿಳೆಯೇ ಮುಖ್ಯಸ್ಥೆ ಎಂದು 2013ರ ರಾಷ್ಟ್ರೀಯ ಆಹಾರ ಭದ್ರತಾ ಕಾಯ್ದೆ ಹೇಳಿತ್ತು. ಕಂಪ್ಯೂಟರಿನಲ್ಲಿ ಅದೊಂದು ಕಾಲಂ ಆಗಿ ಕೂತಿತ್ತು. ಅಕ್ಕಿ ಹಂಚುವುದಕ್ಕೆಂದು ಮಾಡಿದ ಆ ಕಾಲಂ ಯಾರ ಬ್ಯಾಂಕ್ ಖಾತೆಗೆ ಹಣ ಬರಬೇಕೆಂದು ಹೇಳತೊಡಗಿದಾಗ, ಮುಖ್ಯಸ್ಥೆಯ ಹೆಸರು ಬದಲಿಸಿಕೊಡಿ ಎಂದು ಜನ ಸೇವಾ ಕೇಂದ್ರಗಳ ಮುಂದೆ ಸಾಲುಗಟ್ಟಿದರು.

ಸರ್ಕಾರಿ ಐಟಿ ಕೆಲಸದ ಬಗ್ಗೆ ನನ್ನನ್ನು ಕೇಳುವವರಿಗೆ ನಾನು ಮೊದಲು ಹೇಳುವುದು ಈ ಕಾಲಂನ ಕಥೆಯನ್ನೇ. ಕೇಳುವವರಲ್ಲಿ ಎಂಜಿನಿಯರಿಂಗ್ ಕೊನೆಯ ವರ್ಷದ ವಿದ್ಯಾರ್ಥಿಗಳಿದ್ದಾರೆ, ಅವರ ತಂದೆತಾಯಂದಿರಿದ್ದಾರೆ, ಖಾಸಗಿ ಕಂಪನಿಯಲ್ಲಿ ಏಳೆಂಟು ವರ್ಷ ದುಡಿದು ಬೇಸತ್ತವರೂ ಇದ್ದಾರೆ. 'ಸರ್ಕಾರದಲ್ಲಿ ಕಂಪ್ಯೂಟರ್ ಓದಿದವರಿಗೆ ಏನು ಕೆಲಸ ಇರುತ್ತೆ ಸಾರ್? ಎನ್‌ಐಸಿ ಪರೀಕ್ಷೆ ಬಿಟ್ಟರೆ ಬೇರೆ ದಾರಿ ಇದೆಯಾ?' ದಾರಿಗಳ ಮಾತು ಆಮೇಲೆ. ಕೋಡ್ ಬರೆಯುವುದು ಈ ಕೆಲಸದ ಸುಲಭದ ಪಾಲು ಎಂಬುದು, ಕಂದಾಯ ಇಲಾಖೆಯ ಸುದ್ದಿ ಬರೆಯುತ್ತ ಬಂದ ನನ್ನ ಅಭಿಪ್ರಾಯ. ಕಾಯ್ದೆಯೊಂದು ಸುತ್ತೋಲೆಯಾಗಿ, ಸುತ್ತೋಲೆ ಅರ್ಜಿ ನಮೂನೆಯಾಗಿ, ನಮೂನೆ ಪರದೆಯ ಮೇಲಿನ ಒಂದು ಖಾಲಿ ಜಾಗವಾಗಿ, ಕೊನೆಗೆ ಕೌಂಟರಿನ ಮುಂದೆ ನಿಂತ ಮನುಷ್ಯನಿಗೆ 'ಆಗುತ್ತೆ' ಅಥವಾ 'ಆಗಲ್ಲ' ಎಂಬ ಉತ್ತರವಾಗಿ ತಲುಪುವ ಈ ದಾರಿಯನ್ನು ಉದ್ದಕ್ಕೂ ಕಾಣಬಲ್ಲವರು ನಮ್ಮಲ್ಲಿ ಬಹಳ ಕಡಿಮೆ.

ಇದಕ್ಕೆ ನಮ್ಮ ಕಣ್ಣೆದುರೇ ಇರುವ ದೊಡ್ಡ ಉದಾಹರಣೆ, ಪಹಣಿಗಳನ್ನು ಕಂಪ್ಯೂಟರಿಗೆ ತಂದ 'ಭೂಮಿ' ಯೋಜನೆ. 2000ದ ಸುಮಾರಿಗೆ ಕರ್ನಾಟಕದಲ್ಲಿ ಸುಮಾರು 67 ಲಕ್ಷ ರೈತರ ಎರಡು ಕೋಟಿಯಷ್ಟು ಪಹಣಿಗಳಿದ್ದವು. ಅವೆಲ್ಲ ಸುಮಾರು 9,000 ಗ್ರಾಮ ಲೆಕ್ಕಿಗರ ಕೈಯಲ್ಲಿದ್ದ ಕೈಬರಹದ ಪುಸ್ತಕಗಳು. ಸಾಲಕ್ಕೆ ಒಂದು ಪಹಣಿ ಬೇಕೆಂದರೆ ಲೆಕ್ಕಿಗರು ಊರಿಗೆ ಬರುವುದನ್ನು ಕಾಯಬೇಕಿತ್ತು. ಬಂದರೂ ಅವರ ಮನಸ್ಸನ್ನು ಕಾಯಬೇಕಿತ್ತು. ಅದಕ್ಕೂ ಮೊದಲೇ ಪಹಣಿಗಳನ್ನು ಕಂಪ್ಯೂಟರಿಗೆ ತುಂಬುವ ಪ್ರಯತ್ನ ನಡೆದಿತ್ತು. ಆದರೆ ತುಂಬಿದ ಮಾಹಿತಿ ಒಂದು ಕಡೆ ಉಳಿಯಿತು, ಹಕ್ಕು ಬದಲಾವಣೆಗಳೆಲ್ಲ ಕೈಪುಸ್ತಕದಲ್ಲೇ ನಡೆದವು. ಕೆಲವೇ ತಿಂಗಳಲ್ಲಿ ಕಂಪ್ಯೂಟರಿನ ಪಹಣಿ ಹಳತಾಯಿತು.

ಕಂದಾಯ ಇಲಾಖೆಯ ಐಎಎಸ್ ಅಧಿಕಾರಿ ರಾಜೀವ್ ಚಾವ್ಲಾ ಮುಂದೆ ನಿಂತು, ಎನ್‌ಐಸಿ ತಂತ್ರಾಂಶ ಬರೆದು 'ಭೂಮಿ' ಬಂದಾಗ ತಾಂತ್ರಿಕವಾಗಿ ಬೆರಗು ಹುಟ್ಟಿಸುವಂಥದ್ದೇನೂ ಅದರಲ್ಲಿರಲಿಲ್ಲ. ಬದಲಾದದ್ದು ನಿಯಮ. ಕೈಬರಹದ ಪಹಣಿ ಇನ್ನು ನಡೆಯದು ಎಂದು ಸರ್ಕಾರ ತಾಲೂಕು ತಾಲೂಕಾಗಿ ಸಾರಿತು. ಆಮೇಲೆ ಕಂಪ್ಯೂಟರಿನಲ್ಲಿರುವುದೊಂದೇ ದಾಖಲೆ. ತಾಲೂಕು ಕಚೇರಿಯ ಕಿಯಾಸ್ಕಿನಲ್ಲಿ 15 ರೂಪಾಯಿ ಕಟ್ಟಿದರೆ ಯಾರನ್ನೂ ಕಾಡದೆ, ಬೇಡದೆ ಪಹಣಿ ಕೈಗೆ ಬಂತು. ಹಕ್ಕು ಬದಲಾವಣೆಯ, ಅಂದರೆ ಮ್ಯುಟೇಷನ್ ಅರ್ಜಿಗಳಿಗೆ 'ಮೊದಲು ಬಂದದ್ದು ಮೊದಲು' ಎಂಬ ಕ್ರಮವನ್ನು ತಂತ್ರಾಂಶದೊಳಗೇ ಕಟ್ಟಿದರು. ಕೆಳಗಿರುವ ಅರ್ಜಿಯನ್ನು ಮೇಲೆ ಎಳೆದುಕೊಳ್ಳಲು ದಾರಿಯಿರಲಿಲ್ಲ. ಆಪರೇಟರ್ ಬೆರಳಚ್ಚು ಕೊಟ್ಟೇ ಒಳಗೆ ಹೋಗಬೇಕು, ಹಾಗಾಗಿ 'ಇದನ್ನು ಮಾಡಿದ್ದು ನಾನಲ್ಲ' ಎನ್ನುವಂತಿಲ್ಲ. ರೈತನಿಗೆ ಕಾಣುವಂತೆ ಎರಡನೆಯ ಪರದೆಯೊಂದನ್ನು ಹೊರಮುಖವಾಗಿ ಇಟ್ಟರು. ಈ ಒಂದೊಂದೂ ಆಡಳಿತದ ತೀರ್ಮಾನ. ಯಾವ ಭಾಷೆಯಲ್ಲಿ ಪ್ರೋಗ್ರಾಂ ಬರೆಯಬೇಕೆಂಬ ಪ್ರಶ್ನೆಗಿಂತ ಇವು ಎಷ್ಟೋ ಪಾಲು ಕಷ್ಟದವು. ಏಕೆಂದರೆ ಇವುಗಳಿಂದ ಕೆಲವರ ಅಧಿಕಾರ ಹೋಗುತ್ತದೆ, ಕಳೆದುಕೊಳ್ಳುವವರು ಸುಮ್ಮನಿರುವುದಿಲ್ಲ.

'ಭೂಮಿ' ಮುಟ್ಟದೆ ಬಿಟ್ಟ ಸಮಸ್ಯೆಯೂ ಇಷ್ಟೇ ಪಾಠ ಹೇಳುತ್ತದೆ. ಇದ್ದ ಪಹಣಿಯನ್ನು ಇದ್ದಂತೆಯೇ ಅದು ಕಂಪ್ಯೂಟರಿಗೆ ತಂದಿತು. ಸತ್ತವರ ಹೆಸರೂ ಹಾಗೇ ಬಂತು. ಅಜ್ಜ ತೀರಿಕೊಂಡು ಮೂವತ್ತು ವರ್ಷವಾದರೂ ಪಹಣಿಯಲ್ಲಿ ಅವರೇ ಮಾಲೀಕರಾಗಿರುವ ಜಮೀನು ನಿಮ್ಮ ಊರಲ್ಲೂ ಇದ್ದೀತು. 2024ರಲ್ಲಿ ಪಹಣಿಗೆ ಆಧಾರ್ ಜೋಡಿಸುವ ಕೆಲಸ ಶುರುವಾದಾಗ ಈ ಹೆಸರುಗಳೆಲ್ಲ ಎದುರಿಗೆ ನಿಂತವು. ಇಲ್ಲದವರ ಆಧಾರ್ ತರುವುದೆಲ್ಲಿಂದ? ಮರುವರ್ಷ ಕಂದಾಯ ಇಲಾಖೆ, ಸತ್ತವರ ಹೆಸರಿನ ಖಾತೆಯನ್ನು ವಾರಸುದಾರರಿಗೆ ಬದಲಿಸುವ ಇ-ಪೌತಿ ಆಂದೋಲನಕ್ಕೆ ಇಳಿಯಿತು.

ಪೌತಿ ಖಾತೆಯ ತಂತ್ರಾಂಶದ ಪರದೆಯನ್ನು ರೂಪಿಸುವ ಕೆಲಸ ನಿಮ್ಮ ಪಾಲಿಗೆ ಬಂದಿದೆ ಎಂದುಕೊಳ್ಳಿ. ವಂಶವೃಕ್ಷ ಬೇಕು. ನಮ್ಮ ಹಳ್ಳಿಗಳಲ್ಲಿ ಮದುವೆಯಾಗಿ ಹೋದ ಹೆಣ್ಣುಮಕ್ಕಳ ಹೆಸರು ಬಿಟ್ಟು ವಂಶವೃಕ್ಷ ಮಾಡಿಸುವುದು ಗುಟ್ಟಿನ ಸಂಗತಿಯೇನಲ್ಲ. ಪಿತ್ರಾರ್ಜಿತ ಆಸ್ತಿಯಲ್ಲಿ ಹೆಣ್ಣುಮಕ್ಕಳಿಗೂ ಪಾಲಿದೆ ಎಂದು ಕರ್ನಾಟಕದ ತಿದ್ದುಪಡಿ 1994ರಲ್ಲೇ ಹೇಳಿತು, ಕೇಂದ್ರದ ತಿದ್ದುಪಡಿ 2005ರಲ್ಲಿ ಹೇಳಿತು. ಈಗ ನಿಮ್ಮ ಪರದೆ 'ಗಂಡುಮಕ್ಕಳು' ಎಂಬ ಸಾಲಿನಷ್ಟೇ ಕಡ್ಡಾಯವಾಗಿ 'ಹೆಣ್ಣುಮಕ್ಕಳು' ಎಂಬ ಸಾಲನ್ನೂ ಕೇಳುತ್ತದೆಯೇ? 'ಇಲ್ಲ' ಎಂದು ಒತ್ತಿದರೆ ಸುಮ್ಮನೆ ಮುಂದೆ ಬಿಡುತ್ತದೆಯೇ, ಅಥವಾ ಮನೆಯ ಪಡಿತರ ಚೀಟಿಯ ಹಳೆಯ ದಾಖಲೆ ತೆಗೆದು 'ಇವರು ಯಾರು?' ಎಂದು ಕೇಳುತ್ತದೆಯೇ? ಆಕ್ಷೇಪಣೆಗೆ ಕೊಟ್ಟ ಗಡುವಿನ ಸುದ್ದಿ ಗ್ರಾಮ ಚಾವಡಿಯ ಬೋರ್ಡಿಗಷ್ಟೇ ಹೋಗುತ್ತದೆಯೇ, ಬೆಂಗಳೂರಿನಲ್ಲಿ ಗಾರ್ಮೆಂಟ್ಸ್ ಕೆಲಸಕ್ಕೆ ಹೋಗುವ ಮಗಳ ಮೊಬೈಲಿಗೂ ಹೋಗುತ್ತದೆಯೇ? ಒಂದು ಕಡ್ಡಾಯದ ಗುರುತು ಹಾಕುವುದರಲ್ಲಿ, ಹಾಕದಿರುವುದರಲ್ಲಿ ಎಷ್ಟು ಹೆಣ್ಣುಮಕ್ಕಳ ಪಾಲು ಉಳಿಯುತ್ತದೆ, ಎಷ್ಟು ಹೋಗುತ್ತದೆ ಎಂದು ಯೋಚಿಸಿದಾಗ ನನಗೆ ಈ ಉದ್ಯೋಗದ ತೂಕ ಗೊತ್ತಾಗುತ್ತದೆ. ಇಂಥ ತೀರ್ಮಾನಗಳು ಬಹುತೇಕ ಸಂಜೆ ಆರರ ನಂತರ, ನಾಳೆ ಉದ್ಘಾಟನೆ ಎಂಬ ಗಡಿಬಿಡಿಯಲ್ಲಿ, ಕಾಯ್ದೆ ಓದದ ಒಬ್ಬ ಗುತ್ತಿಗೆ ಪ್ರೋಗ್ರಾಮರನ ಕೈಯಲ್ಲಿ ಆಗಿಬಿಡುತ್ತವೆ. ಅವನನ್ನು ದೂರುವಂತಿಲ್ಲ. ಅವನಿಗೆ ಹೇಳಬೇಕಾದವರು ಅಲ್ಲಿರಲಿಲ್ಲ.

ಹೆಸರಿನ ಹೊಂದಾಣಿಕೆಯದೂ ಹೀಗೆಯೇ. ಪಹಣಿಯಲ್ಲಿ ಮಾದಪ್ಪ, ಆಧಾರಿನಲ್ಲಿ ಮಹದೇವಪ್ಪ, ಬ್ಯಾಂಕಿನಲ್ಲಿ ಇಂಗ್ಲಿಷ್ ಅಕ್ಷರದ ಇನ್ನೊಂದು ರೂಪ. ಮನುಷ್ಯ ಒಬ್ಬನೇ. ಹೆಸರು ಶೇಕಡಾ ಎಷ್ಟು ಹೊಂದಿದರೆ ಹಣ ಬಿಡಬೇಕು? ಮಿತಿ ಸಡಿಲವಾದರೆ ಅನರ್ಹರಿಗೂ ಹೋಗುತ್ತದೆ, ಬಿಗಿಯಾದರೆ ಅರ್ಹನೇ ಹೊರಗುಳಿಯುತ್ತಾನೆ. ಆ ಒಂದು ಅಂಕಿಯನ್ನು ಇಡುವವರು ಚಾಮರಾಜನಗರದ ಕಡೆ ಮಾದಪ್ಪನೂ ಮಹದೇವಪ್ಪನೂ ಒಬ್ಬನೇ ಆಗಿರಬಹುದೆಂದು ತಿಳಿದವರಾಗಿರಬೇಕು. ಖರಾಬು, ಹಿಸ್ಸೆ, ಪೋಡಿ, ಪೌತಿ ಎಂದರೆ ಏನೆಂದು ಮನೆಯಲ್ಲೇ ಕೇಳಿ ಬೆಳೆದ ಹಳ್ಳಿಯ ಹುಡುಗ ಹುಡುಗಿಯರಿಗೆ ಈ ಕೆಲಸದಲ್ಲಿ ದೊಡ್ಡ ಅನುಕೂಲವಿದೆ. ತಮ್ಮ ಇಂಗ್ಲಿಷ್ ಬಗ್ಗೆ ಹಿಂಜರಿಯುವವರು ಇದನ್ನು ಗಮನಿಸಿ.

ಇನ್ನು ದಾರಿಗಳು. ಎಲ್ಲರಿಗೂ ಗೊತ್ತಿರುವುದು ರಾಷ್ಟ್ರೀಯ ಮಾಹಿತಿ ವಿಜ್ಞಾನ ಕೇಂದ್ರ, ಅಂದರೆ ಎನ್‌ಐಸಿ. 1976ರಲ್ಲಿ ಹುಟ್ಟಿದ ಈ ಸಂಸ್ಥೆಯ ಸ್ಥಾಪಕ ಮಹಾನಿರ್ದೇಶಕರು, ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಓದಿದ ಡಾ. ಎನ್. ಶೇಷಗಿರಿ. ಇಂಟರ್ನೆಟ್ ಎಂಬ ಮಾತು ಇಲ್ಲಿ ಕೇಳಿಬರುವ ಮುಂಚೆಯೇ ಉಪಗ್ರಹದ ಮೂಲಕ ಜಿಲ್ಲಾ ಕೇಂದ್ರಗಳನ್ನು ದೆಹಲಿಗೆ ಜೋಡಿಸಿದ ಜಾಲ ಅವರ ಕಾಲದ್ದು. ಇಂದಿಗೂ ಡಿಸಿ ಕಚೇರಿಗಳಲ್ಲಿ ಎನ್‌ಐಸಿಯ ಘಟಕವೊಂದು ಇರುತ್ತದೆ. ಎಂಜಿನಿಯರಿಂಗ್, ಎಂಸಿಎ ಮುಂತಾದ ಪದವಿ ಇರುವವರು ಸೈಂಟಿಸ್ಟ್-ಬಿ ಹುದ್ದೆಗೆ ಸೇರಬಹುದು, ಮೂಲ ವೇತನ 56,100 ರೂಪಾಯಿಯಿಂದ ಶುರು. ಸೈಂಟಿಫಿಕ್-ಟೆಕ್ನಿಕಲ್ ಅಸಿಸ್ಟೆಂಟ್ ಹುದ್ದೆಗೆ 35,400. ಇವು ಏಳನೇ ವೇತನ ಆಯೋಗದ ಲೆಕ್ಕ, ಭತ್ಯೆಗಳು ಬೇರೆ. ಪ್ರಕಟಣೆ ಪ್ರತಿವರ್ಷ ಬರುವುದಿಲ್ಲ, ಆದ್ದರಿಂದ ಇದೊಂದನ್ನೇ ನಂಬಿ ಕೂರಬೇಡಿ. ರಾಜ್ಯದಲ್ಲಿ ಇ-ಆಡಳಿತ ಇಲಾಖೆ, ಅದರಡಿ ಇ-ಆಡಳಿತ ಕೇಂದ್ರ ಇವೆ. ದೆಹಲಿಯಲ್ಲಿ ರಾಷ್ಟ್ರೀಯ ಇ-ಆಡಳಿತ ವಿಭಾಗ ಗುತ್ತಿಗೆಯ ಮೇಲೆ ತಜ್ಞರನ್ನು ತೆಗೆದುಕೊಳ್ಳುತ್ತದೆ. ಆಧಾರ್ ಪ್ರಾಧಿಕಾರದ ತಂತ್ರಜ್ಞಾನ ಕೇಂದ್ರ ಬೆಂಗಳೂರಿನಲ್ಲೇ ಇದೆ. ಐಎಎಸ್, ಕೆಎಎಸ್ ಮೂಲಕ ಬಂದು ಈ ಕಡೆ ಹೊರಳುವುದು ಇನ್ನೊಂದು ದಾರಿ, ನಿಯಮ ಬದಲಿಸುವ ಅಧಿಕಾರ ಹೆಚ್ಚಾಗಿ ಅಲ್ಲಿಯೇ ಇರುವುದು. ನೀತಿಯ ಕಡೆ ಮನಸ್ಸಿರುವವರಿಗೆ ಬೆಂಗಳೂರಿನ ಐಐಐಟಿಯಲ್ಲಿ ಡಿಜಿಟಲ್ ಸೊಸೈಟಿ ಎಂಬ ಎಂಎಸ್ಸಿ ಇದೆ, ನಾಗರಭಾವಿಯ ರಾಷ್ಟ್ರೀಯ ಕಾನೂನು ಶಾಲೆಯಲ್ಲಿ ಸಾರ್ವಜನಿಕ ನೀತಿಯ ಸ್ನಾತಕೋತ್ತರ ಪದವಿ ಇದೆ.

ಇಷ್ಟು ಹೇಳಿ, ನನ್ನನ್ನು ಹೆಚ್ಚು ಕಾಡುವ ವಿಷಯಕ್ಕೆ ಬರುತ್ತೇನೆ. 2024ರ ಸೆಪ್ಟೆಂಬರ್ ಕೊನೆಯಲ್ಲಿ ಗ್ರಾಮ ಆಡಳಿತ ಅಧಿಕಾರಿಗಳು ರಾಜ್ಯದಾದ್ಯಂತ ಮುಷ್ಕರಕ್ಕೆ ಕೂತರು. ಒಬ್ಬರೇ ನಿಭಾಯಿಸಬೇಕಾದ ಮೊಬೈಲ್ ಆ್ಯಪ್‌ಗಳ ಹೊರೆ ಅವರ ಮುಖ್ಯ ದೂರುಗಳಲ್ಲೊಂದು. ಆ ದಿನಗಳಲ್ಲಿ ನಾನು ಮಾತಾಡಿಸಿದ ಒಬ್ಬ ಯುವತಿ ಕಂಪ್ಯೂಟರ್ ಸೈನ್ಸ್ ಪದವೀಧರೆ. 'ಸಾರ್, ಆಧಾರ್ ಸೀಡಿಂಗ್‌ಗೆ ಒಂದು, ಲ್ಯಾಂಡ್ ಬೀಟ್‌ಗೆ ಒಂದು, ಬಗರ್ ಹುಕುಂಗೆ ಒಂದು, ಬೆಳೆ ಸಮೀಕ್ಷೆಗೆ ಒಂದು. ಅದೇ ಸರ್ವೆ ನಂಬರು, ಅದೇ ರೈತ. ಒಂದರಲ್ಲಿ ಹಾಕಿದ್ದು ಇನ್ನೊಂದಕ್ಕೆ ಗೊತ್ತೇ ಆಗಲ್ಲ. ಫೋನೂ ನಂದೇ, ಡೇಟಾನೂ ನಂದೇ.' ಆಮೇಲೆ ಆಕೆ ಹೇಳಿದ ಮಾತು ನನಗೆ ಇನ್ನೂ ಮುಖ್ಯ ಅನ್ನಿಸಿತು: 'ಆ್ಯಪ್ ಮಾಡೋಕೆ ಮುಂಚೆ ನಮ್ಮಲ್ಲಿ ಒಬ್ಬರನ್ನಾದರೂ ಕರೆದು ಕೇಳಬಹುದಿತ್ತು.'

ಪ್ರತಿ ಇಲಾಖೆಗೂ, ಪ್ರತಿ ಹೊಸ ಯೋಜನೆಗೂ ಸ್ವಂತ ಆ್ಯಪ್ ಬೇಕು. ಬಿಡುಗಡೆ ಮಾಡಿ ಫೋಟೊ ತೆಗೆಸಿಕೊಳ್ಳಲು ಅದರಷ್ಟು ಅನುಕೂಲದ ವಸ್ತು ಬೇರೆ ಇಲ್ಲ. ಹೀಗಿರುವಾಗ 'ಹೊಸ ಆ್ಯಪ್ ಬೇಡ, ಇರುವುದರಲ್ಲೇ ಇನ್ನೊಂದು ಕಾಲಂ ಸೇರಿಸೋಣ' ಎಂದು ಕಡತದಲ್ಲಿ ಬರೆದು, ಕಾರಣ ಕೊಟ್ಟು, ಮೇಲಿನವರನ್ನು ಒಪ್ಪಿಸುವುದು ಸರ್ಕಾರಿ ಐಟಿ ನಿರ್ವಾಹಕರ ಕೆಲಸ. ಅದಕ್ಕೂ ಮುಂದೆ ಹೋಗಿ, ಆ ಅರ್ಜಿಯೇ ಬೇಕೇ ಎಂದು ಕೇಳುವುದೂ ಅವರದ್ದೇ. ನಮ್ಮಲ್ಲಿ ಜಾತಿ ಪ್ರಮಾಣಪತ್ರಕ್ಕೆ ಜೀವಿತಾವಧಿಯ ಮಾನ್ಯತೆ, ಆದಾಯ ಪ್ರಮಾಣಪತ್ರಕ್ಕೆ ಐದು ವರ್ಷದ ಮಾನ್ಯತೆ ಸಿಕ್ಕಿದ ಮೇಲೆ ಎಷ್ಟು ಮಕ್ಕಳು ವರ್ಷ ವರ್ಷ ನಾಡಕಚೇರಿಗೆ ಅಲೆಯುವುದು ತಪ್ಪಿತು! ವಿದ್ಯಾರ್ಥಿವೇತನದ ಪೋರ್ಟಲ್ ಆ ಪತ್ರದ ಆರ್‌ಡಿ ನಂಬರ್ ಕೇಳಿ ತಾನೇ ಪರಿಶೀಲಿಸಿಕೊಳ್ಳುತ್ತದೆ. ಈ ಎರಡು ಬದಲಾವಣೆಗಳ ಬಗ್ಗೆ ಯಾರೂ ದೊಡ್ಡ ಸಮಾರಂಭ ಮಾಡಲಿಲ್ಲ. ನನ್ನ ಕಣ್ಣಿಗೆ ಇವು ಯಾವ ಆ್ಯಪಿಗಿಂತಲೂ ಒಳ್ಳೆಯ ಇ-ಆಡಳಿತ.

ಕೆಲಸದ ಇನ್ನೊಂದು ದೊಡ್ಡ ಪಾಲು ಟೆಂಡರ್. ಕಾಲೇಜಿನಲ್ಲಿ ಯಾರೂ ಹೇಳಿಕೊಡದ ವಿಷಯ. 1999ರ ಸಾರ್ವಜನಿಕ ಸಂಗ್ರಹಣೆ ಪಾರದರ್ಶಕತೆ ಕಾಯ್ದೆ ಏನು ಹೇಳುತ್ತದೆ, ಟೆಂಡರ್ ಇಲ್ಲದೆ ಕೆಲಸ ಕೊಡುವ 4(ಜಿ) ವಿನಾಯಿತಿ ಯಾವಾಗ ಸರಿ, ಯಾವಾಗ ತಪ್ಪು, ಅತಿ ಕಡಿಮೆ ದರ ಕೂಗಿದವರಿಗೇ ತಂತ್ರಾಂಶದ ಕೆಲಸ ಕೊಟ್ಟರೆ ಮುಂದೇನಾಗುತ್ತದೆ, ಇದೆಲ್ಲ ತಿಳಿದಿರಬೇಕು. ಮೂಲ ಕೋಡ್ ಇಲಾಖೆಗೆ ಸೇರಬೇಕು, ಗುತ್ತಿಗೆ ಮುಗಿದಾಗ ಪೂರ್ತಿ ದತ್ತಾಂಶವನ್ನು ಓದಲು ಬರುವ ರೂಪದಲ್ಲಿ ಒಪ್ಪಿಸಬೇಕು, ಕೈಪಿಡಿ ಕನ್ನಡದಲ್ಲಿರಬೇಕು ಎಂಬ ಮೂರು ಷರತ್ತುಗಳನ್ನು ಮರೆತರೆ ಐದು ವರ್ಷದ ನಂತರ ಕಂಪನಿ ಕೇಳಿದಷ್ಟು ಕೊಡಬೇಕಾಗುತ್ತದೆ. ಭದ್ರತೆಯ ಬೆಲೆಯನ್ನೂ ಟೆಂಡರ್ ಹಂತದಲ್ಲೇ ಲೆಕ್ಕ ಹಾಕಬೇಕು. 2019ರಲ್ಲಿ ರಾಜ್ಯದ ಇ-ಪ್ರೊಕ್ಯೂರ್‌ಮೆಂಟ್ ವ್ಯವಸ್ಥೆಗೆ ಕನ್ನ ಹಾಕಿ ಕೋಟ್ಯಂತರ ರೂಪಾಯಿ ದೋಚಿದ್ದನ್ನೂ, 2025ರ ಆರಂಭದಲ್ಲಿ ನೋಂದಣಿ ತಂತ್ರಾಂಶ ಕಾವೇರಿ 2.0 ಮೇಲಿನ ದಾಳಿಯಿಂದ ಆಸ್ತಿ ನೋಂದಣಿ ನಿಂತು ಜನ ಸಬ್‌ರಿಜಿಸ್ಟ್ರಾರ್ ಕಚೇರಿಗಳಲ್ಲಿ ಕಾದು ಕೂತದ್ದನ್ನೂ ನಾವು ನೋಡಿದ್ದೇವೆ.

ಮುಂದಿನ ಕೆಲವು ವರ್ಷ ಹೆಚ್ಚು ಜನ ಬೇಕಾಗುವುದು ಖಾಸಗಿತನದ ಕೆಲಸಕ್ಕೆ ಎಂದು ನನಗನ್ನಿಸುತ್ತದೆ. ಆಧಾರ್ ವಿರುದ್ಧ 2012ರಲ್ಲಿ ಸುಪ್ರೀಂ ಕೋರ್ಟಿಗೆ ಹೋದವರು ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿ. ಅವರ ಪ್ರಕರಣದಲ್ಲೇ 2017ರ ಆಗಸ್ಟ್ 24ರಂದು ಒಂಬತ್ತು ನ್ಯಾಯಮೂರ್ತಿಗಳ ಪೀಠ ಖಾಸಗಿತನ ಮೂಲಭೂತ ಹಕ್ಕು ಎಂದು ಒಮ್ಮತದಿಂದ ಹೇಳಿತು. ಆಮೇಲೆ ಬಂದದ್ದು 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆ. ಅದರ ನಿಯಮಗಳು 2025ರ ನವೆಂಬರಿನಲ್ಲಿ ಹೊರಬಿದ್ದಿವೆ. ಸರ್ಕಾರಕ್ಕೆ ಇದರಲ್ಲಿ ಹಲವು ವಿನಾಯಿತಿಗಳಿವೆ, ಕೆಲವು ತೀರಾ ಅಗಲವಾದವು. ಇದೇ ಕಾಯ್ದೆ ಮಾಹಿತಿ ಹಕ್ಕಿನ ಒಂದು ಕಲಮನ್ನೂ ತಿದ್ದಿರುವುದರಿಂದ, ವೈಯಕ್ತಿಕ ಮಾಹಿತಿ ಎಂಬ ನೆಪ ಹೇಳಿ ಸಾರ್ವಜನಿಕ ಮಾಹಿತಿಯನ್ನೇ ಮುಚ್ಚಿಡುವ ಅಪಾಯವಿದೆ. ನಮ್ಮ ಪಹಣಿಯನ್ನೇ ನೋಡಿ. ಸರ್ವೆ ನಂಬರ್ ಗೊತ್ತಿದ್ದರೆ ಯಾರ ಜಮೀನಿನ ವಿವರವನ್ನು ಯಾರು ಬೇಕಾದರೂ ನೋಡಬಹುದು. ಹಾಗೆ ತೆರೆದಿಟ್ಟಿದ್ದರಿಂದಲೇ ಎಷ್ಟೋ ಮೋಸದ ಮಾರಾಟಗಳು ತಪ್ಪಿವೆ. ಅದೇ ಪಹಣಿಯಲ್ಲಿ ರೈತನ ಸಾಲದ ವಿವರವೂ ಇರುತ್ತದೆ. ಯಾವುದು ಎಲ್ಲರಿಗೂ ಕಾಣಬೇಕು, ಯಾವುದು ಮಾಲೀಕನಿಗೆ ಮಾತ್ರ? ಭೂದಾಖಲೆ ತೆರೆದೇ ಇರಬೇಕು ಎಂಬುದು ನನ್ನ ನಿಲುವು. ಆದರೆ ಮಾಲೀಕತ್ವ ಮತ್ತು ಸಾಲ ಎರಡನ್ನೂ ಒಂದೇ ಕಣ್ಣಿಂದ ನೋಡಬೇಕಿಲ್ಲ. ಇಂಥ ಪ್ರಶ್ನೆ ಪ್ರತಿ ಇಲಾಖೆಯ ಪ್ರತಿ ದಾಖಲೆಗೂ ಬರಲಿದೆ, ಉತ್ತರ ಬರೆಯಬಲ್ಲವರು ಈಗಲೇ ತಯಾರಾಗಬೇಕು.

ಸರ್ಕಾರಕ್ಕೂ ಒಂದು ಮಾತು ಹೇಳಬೇಕಿದೆ. ಇಷ್ಟು ಹೊಣೆಯ ಕೆಲಸವನ್ನು ನಾವು ಬಹುಪಾಲು ಗುತ್ತಿಗೆ ಮತ್ತು ಹೊರಗುತ್ತಿಗೆ ನೌಕರರಿಂದ ಮಾಡಿಸುತ್ತಿದ್ದೇವೆ. ತಾಲೂಕು ಕಚೇರಿಗಳ ಆಪರೇಟರುಗಳು, ಜಿಲ್ಲಾ ಮಟ್ಟದ ಕನ್ಸಲ್ಟಂಟರು ವರ್ಷಗಟ್ಟಲೆ ದುಡಿದು ವ್ಯವಸ್ಥೆಯ ಒಳಹೊರಗು ತಿಳಿದವರು. ಅವರ ಉದ್ಯೋಗಕ್ಕೆ ಭದ್ರತೆಯಿಲ್ಲ, ಬಡ್ತಿಯಿಲ್ಲ. ಅವರು ಬಿಟ್ಟು ಹೋದ ದಿನ ಆ ತಿಳಿವಳಿಕೆಯೂ ಹೋಗುತ್ತದೆ. ಐಎಎಸ್ ಅಧಿಕಾರಿಗೆ ಒಂದು ವ್ಯವಸ್ಥೆ ಅರ್ಥವಾಗುವಷ್ಟರಲ್ಲಿ ವರ್ಗಾವಣೆ. ಲೋಕೋಪಯೋಗಿ ಇಲಾಖೆಗೆ ತನ್ನದೇ ಎಂಜಿನಿಯರುಗಳ ವೃಂದ ಇರುವಂತೆ ರಾಜ್ಯದ ತಂತ್ರಾಂಶ ವ್ಯವಸ್ಥೆಗೂ ಒಂದು ಕಾಯಂ ವೃಂದ ಬೇಕು. ಸಹಾಯಕ ಎಂಜಿನಿಯರಾಗಿ ತಾಲೂಕಿನಲ್ಲಿ ಶುರು ಮಾಡಿ ಮುಖ್ಯ ಎಂಜಿನಿಯರಾಗಿ ವಿಧಾನಸೌಧದ ಸಭೆಯಲ್ಲಿ ಕೂರುವ ಏಣಿ ಅದಕ್ಕಿರಬೇಕು. ಅದು ಬರುವವರೆಗೆ ಈ ಕ್ಷೇತ್ರಕ್ಕೆ ಬರುವವರು ಅಭದ್ರತೆಯನ್ನು ಲೆಕ್ಕಕ್ಕೆ ತೆಗೆದುಕೊಂಡೇ ಬರಬೇಕು ಎಂದು ಎಚ್ಚರಿಸುವುದು ನನ್ನ ಕರ್ತವ್ಯ. ಮನೆಗೆ ನೀವೊಬ್ಬರೇ ದುಡಿಯುವವರಾದರೆ, ಎನ್‌ಐಸಿಯಂಥ ಕಾಯಂ ಹುದ್ದೆ ಸಿಗುವ ತನಕ ಖಾಸಗಿ ಕೆಲಸ ಬಿಡಬೇಡಿ.

ಪ್ರಕಟಣೆ ಬರುವವರೆಗೆ ಏನು ಮಾಡಲಿ ಎಂದು ಕೇಳುವವರಿಗೆ ಒಂದು ಕೆಲಸ ಹೇಳುತ್ತೇನೆ. ಯಾವುದಾದರೂ ಒಂದೇ ಸೇವೆ ಆರಿಸಿಕೊಳ್ಳಿ, ವಿಧವಾ ವೇತನ ಆಗಬಹುದು, ಮ್ಯುಟೇಷನ್ ಆಗಬಹುದು. ಅದರ ಮೂಲ ಸರ್ಕಾರಿ ಆದೇಶ ಹುಡುಕಿ ಓದಿ. ಸೇವೆಗಳಿಗೆ ಗಡುವು ಹಾಕುವ 'ಸಕಾಲ' ಯೋಜನೆಯಲ್ಲಿ ಅದಕ್ಕೆ ಎಷ್ಟು ದಿನ ಕೊಟ್ಟಿದ್ದಾರೆ ನೋಡಿ. ನಾಡಕಚೇರಿಯಲ್ಲಿ ಒಂದು ದಿನ ಕೂತು ಅರ್ಜಿ ಎಲ್ಲಿ ನಿಲ್ಲುತ್ತದೆ, ಯಾಕೆ ವಾಪಸ್ ಬರುತ್ತದೆ ಎಂದು ಗಮನಿಸಿ. ಆದೇಶ ಕೇಳದ ಯಾವ ದಾಖಲೆಯನ್ನು ಪರದೆ ಕೇಳುತ್ತಿದೆ ಎಂದು ಪಟ್ಟಿ ಮಾಡಿ. ಹತ್ತು ರೂಪಾಯಿ ಶುಲ್ಕ ಕಟ್ಟಿ ಮಾಹಿತಿ ಹಕ್ಕಿನಡಿ ಆ ತಂತ್ರಾಂಶದ ಟೆಂಡರ್ ದಾಖಲೆ ಕೇಳಿ ಪಡೆಯಿರಿ. ಕೈಗೆ ಬಂದಾಗ ತಾಂತ್ರಿಕ ವಿವರಗಳನ್ನು ಬದಿಗಿಟ್ಟು, ಕೊನೆಯ ಪುಟಗಳ ಷರತ್ತುಗಳಿಂದ ಓದಲು ಶುರು ಮಾಡಿ.